ಸಹಿ ಸಿಗದ ಲಕೋಟೆಗಳು, 129 ಮತಗಳ ಗೆಲುವು

ಅಮೆರಿಕದಲ್ಲಿ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರಂತೆ ನೇಮಕಗೊಂಡು ಬರುವವರಲ್ಲ. ಜನರಿಂದ ನೇರವಾಗಿ ಆರಿಸಿಬಂದು, ನಮ್ಮ ಮುಖ್ಯಮಂತ್ರಿಗಳಂತೆ ಆಡಳಿತ ನಡೆಸುವವರು. 2004ರ ನವೆಂಬರ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಈ ಹುದ್ದೆಗೆ ಸುಮಾರು 28 ಲಕ್ಷ ಜನ ಮತ ಹಾಕಿದರು. ಮೊದಲ ಎಣಿಕೆಯಲ್ಲಿ ರಿಪಬ್ಲಿಕನ್ ಪಕ್ಷದ ಡಿನೊ ರೋಸಿ 261 ಮತಗಳಿಂದ ಮುಂದಿದ್ದರು. ಯಂತ್ರದ ಮರುಎಣಿಕೆಯಲ್ಲಿ ಆ ಅಂತರ 42ಕ್ಕೆ ಇಳಿಯಿತು. ಡೆಮಾಕ್ರಟಿಕ್ ಪಕ್ಷ ಸುಮಾರು 7.3 ಲಕ್ಷ ಡಾಲರ್ ಠೇವಣಿ ಕಟ್ಟಿ ಕೈಯೆಣಿಕೆ ಮಾಡಿಸಿತು; ಅದರಲ್ಲಿ ಆ ಪಕ್ಷದ ಕ್ರಿಸ್ಟೀನ್ ಗ್ರೆಗ್ವಾರ್ 129 ಮತಗಳಿಂದ ಗೆದ್ದರು.

ತಮಗೆ ಬೇಕಾದ ಫಲಿತಾಂಶ ಬರುವವರೆಗೂ ಎಣಿಸಿದರು ಎಂಬ ಆರೋಪ ಆಗ ಬಲವಾಗಿಯೇ ಕೇಳಿಬಂತು. ರೋಸಿಯವರ ಬೆಂಬಲಿಗರ ನೋವು ನನಗೆ ಅರ್ಥವಾಗುತ್ತದೆ, ಆದರೆ ಆ ಮಾತನ್ನು ನಾನು ಒಪ್ಪಲಾರೆ.

ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ. ಸಿಯಾಟಲ್ ನಗರ ಇರುವ ಕಿಂಗ್ ಕೌಂಟಿಯ ಕೌನ್ಸಿಲ್ ಸದಸ್ಯ ಲ್ಯಾರಿ ಫಿಲಿಪ್ಸ್, ತಮ್ಮ ಬಡಾವಣೆಯಲ್ಲಿ ಯಾರ ಯಾರ ಅಂಚೆ ಮತಗಳು ತಿರಸ್ಕೃತವಾಗಿವೆ ಎಂದು ಪಟ್ಟಿಯ ಮೇಲೆ ಕಣ್ಣಾಡಿಸುತ್ತಿದ್ದಾಗ ಅಲ್ಲಿ ತಮ್ಮದೇ ಹೆಸರು ಕಂಡರು. ಲಕೋಟೆಯ ಮೇಲಿನ ಸಹಿಯೊಂದಿಗೆ ಹೋಲಿಸಲು ಬೇಕಾದ ಅವರ ಸಹಿ ಕಂಪ್ಯೂಟರ್‌ನಲ್ಲಿ ಇರಲಿಲ್ಲ. ಕಾಗದದ ನೋಂದಣಿ ಚೀಟಿಯನ್ನು ತೆಗೆದು ಹೋಲಿಸಬೇಕಿದ್ದ ಸಿಬ್ಬಂದಿ ಅಷ್ಟು ಮಾಡದೆ ಲಕೋಟೆಯನ್ನು ಪಕ್ಕಕ್ಕಿಟ್ಟಿದ್ದರು. ಹುಡುಕಿದಾಗ ಮೊದಲಿಗೇ ಇಂಥ 573 ಲಕೋಟೆಗಳು ಸಿಕ್ಕವು. ಅವನ್ನು ಎಣಿಸಬಾರದೆಂದು ಕೆಳ ನ್ಯಾಯಾಲಯ ತಡೆದರೂ, ಡಿಸೆಂಬರ್ 22ರಂದು ರಾಜ್ಯದ ಸುಪ್ರೀಂ ಕೋರ್ಟ್ ಎಣಿಸಲು ಅನುಮತಿ ನೀಡಿತು. ವಯಸ್ಸಾದ ನನ್ನ ತಂದೆಯ ಸಹಿ ಹೊಂದುತ್ತಿಲ್ಲವೆಂದು ಅರ್ಜಿಯೊಂದು ಮೂರು ಬಾರಿ ಹಿಂದಿರುಗಿದ್ದನ್ನು ಕಂಡಿರುವ ನನಗೆ, ಆ ಲಕೋಟೆಗಳ ಹಿಂದಿನ ಮತದಾರರ ಸಂಕಟವನ್ನು ಊಹಿಸುವುದು ಕಷ್ಟವಲ್ಲ. ಅವರು ಮಾಡಬೇಕಾದುದನ್ನೆಲ್ಲ ಮಾಡಿದ್ದರು, ತಪ್ಪಿದ್ದು ಕಚೇರಿ.

ಫಲಿತಾಂಶವನ್ನು ಪ್ರಶ್ನಿಸಿ ರಿಪಬ್ಲಿಕನ್ನರು ಹೂಡಿದ ಪ್ರಕರಣ ಅದೇ ರಾಜ್ಯದ ವೆನಾಚಿ ನಗರದ ನ್ಯಾಯಾಧೀಶ ಜಾನ್ ಬ್ರಿಜಸ್ ಅವರ ಮುಂದೆ ಬಂದಾಗ ಇನ್ನೂ ಕಠಿಣವಾದ ಪ್ರಶ್ನೆ ಎದುರಾಯಿತು. 1,678 ಮತಗಳು ಅಕ್ರಮವೆಂದು ಅವರೇ ಕಂಡುಕೊಂಡರು. ಇದು ಗೆಲುವಿನ ಅಂತರದ ಹನ್ನೆರಡು ಪಟ್ಟಿಗಿಂತ ಹೆಚ್ಚು. ಶಿಕ್ಷೆಗೆ ಒಳಗಾಗಿ ಮತದಾನದ ಹಕ್ಕು ಕಳೆದುಕೊಂಡವರು ಹಾಕಿದ ಮತಗಳೇ ಅವುಗಳಲ್ಲಿ ಹೆಚ್ಚಿದ್ದವು. ಆಯಾ ಮತಗಟ್ಟೆಯಲ್ಲಿ ಅಭ್ಯರ್ಥಿಗಳು ಪಡೆದ ಮತದ ಪ್ರಮಾಣದಲ್ಲೇ ಈ ಅಕ್ರಮ ಮತಗಳನ್ನೂ ಕಳೆಯಬೇಕೆಂಬುದು ರಿಪಬ್ಲಿಕನ್ನರ ವಾದ. ಲೆಕ್ಕದ ಮಟ್ಟಿಗೆ ಅದು ಸರಿಯೆನಿಸಬಹುದು. ಆದರೆ ನೆರೆಹೊರೆಯವರು ಯಾರಿಗೆ ಮತ ಹಾಕಿದರು ಎಂಬುದರಿಂದ ಒಬ್ಬ ವ್ಯಕ್ತಿಯ ಮತವನ್ನು ಊಹಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟರೆ, ಮತವು ಮತದಾರನ ಕೈತಪ್ಪಿ ಅವನ ಬೀದಿಯ ಸ್ವತ್ತಾಗುತ್ತದೆ. 2005ರ ಜೂನ್ 6ರಂದು ಬ್ರಿಜಸ್ ಆ ವಾದವನ್ನು ತಳ್ಳಿಹಾಕಿದ್ದು ಸರಿಯೆಂದೇ ನನ್ನ ದೃಢವಾದ ನಂಬಿಕೆ. ತಾವು ರೋಸಿಯವರಿಗೆ ಮತ ಹಾಕಿದ್ದಾಗಿ ಹೇಳಿಕೊಂಡ ನಾಲ್ವರ ಮತಗಳನ್ನು ಅವರು ರೋಸಿಯವರ ಲೆಕ್ಕದಿಂದ ಕಳೆದರು. ಅಂತರ 133 ಆಯಿತು. ರೋಸಿ ಮೇಲ್ಮನವಿಗೆ ಹೋಗಲಿಲ್ಲ. ಅಷ್ಟು ಸಮೀಪಕ್ಕೆ ಬಂದು ಸೋತವರು ಅಲ್ಲಿಗೇ ನಿಂತದ್ದಕ್ಕೆ ಅವರನ್ನು ಗೌರವಿಸಬೇಕು.

ಅದೇ 2004ರಲ್ಲಿ ನಮ್ಮ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಒಂದೇ ಒಂದು ಮತದಿಂದ ಗೆದ್ದದ್ದನ್ನು ಕಂಡಿರುವ ನಾವು, 573 ಲಕೋಟೆಗಳನ್ನು ಸಣ್ಣ ಸಂಖ್ಯೆಯೆನ್ನಲಾರೆವು. ಇಂದು ವಾಷಿಂಗ್ಟನ್ ರಾಜ್ಯದಲ್ಲಿ ಲಕೋಟೆಯ ಸಹಿ ಹೊಂದದಿದ್ದರೆ ಕೌಂಟಿ ಕಚೇರಿ ಆ ಮತದಾರರಿಗೆ ತಿಳಿಸಿ, ಸರಿಪಡಿಸಿಕೊಳ್ಳಲು ಅವಕಾಶ ಕೊಡಬೇಕು.