ಹುಗ್ಗಿ ತಿಂದ ಲೆನ್ಸು

ಪಾರ್ಸೆಲ್ ತಂದ ಹುಡುಗ ಇನ್ನೂ ಗೇಟು ದಾಟಿರಲಿಲ್ಲ. ಅವ್ವ ಡಬ್ಬಿಯನ್ನು ಎತ್ತಿ ನೋಡಿದವಳೇ, "ಖಾಲಿ ಡಬ್ಬಿ ಕೊಟ್ಟ ಹೊಂಟಾನ, ಹಿಡಿಯೋ ಅವನ್ನ!" ಎಂದು ಕೂಗಿದಳು.

ಡಬ್ಬಿ ಖಾಲಿ ಇರಲಿಲ್ಲ. ಎರಡು ವರ್ಷ ಆಸೆಪಟ್ಟು, 16,000 ರೂಪಾಯಿ ಕೂಡಿಸಿ ನಾನು ತರಿಸಿದ, ದೂರದ್ದನ್ನು ಹತ್ತಿರ ತೋರಿಸುವ ಟೆಲಿಫೋಟೋ ಲೆನ್ಸ್ ಅದರಲ್ಲಿತ್ತು. 55ರಿಂದ 250 ಮಿಲಿಮೀಟರ್ ಝೂಮ್. ಈ ಅಂಕಿ ಹೆಚ್ಚಿದಷ್ಟೂ ದೂರದ್ದು ಹತ್ತಿರ. ತೆಗೆದು ಅವ್ವನ ಕೈಗಿಟ್ಟೆ. ಸಂತೆಯಲ್ಲಿ ಸೌತೆಕಾಯಿ ಆರಿಸುವವರ ಹಾಗೆ ಅಂಗೈಯಲ್ಲಿ ಎರಡು ಸಲ ಕುಣಿಸಿ ನೋಡಿದಳು.

"ಪ್ಲಾಸ್ಟಿಕ್ ಐತಲ್ಲೋ ತಮ್ಮಾ. ಇಷ್ಟ ರೊಕ್ಕಕ್ಕ ತಾಮ್ರದ ಹಂಡೇನ ಬರ್ತಿತ್ತು."

ನನಗೂ ಒಳಗೊಳಗೇ ಅನುಮಾನ ಶುರುವಾಯಿತು. ಸಂಜೆ ಓಣಿ ತುದಿಯ ಕಿರಾಣಿ ಅಂಗಡಿಗೆ ಹೋದಾಗ ಸುಮ್ನೆ ತಕ್ಕಡಿ ಮೇಲೆ ಇಟ್ಟೆ. ಮುಚ್ಚಳ ಸಮೇತ 400 ಗ್ರಾಂಗೆ ಸ್ವಲ್ಪ ಕಮ್ಮಿ. ಅಂಗಡಿಯವರು ಅಭ್ಯಾಸದಂತೆ, "ಅರ್ಧ ಕಿಲೋ ಮಾಡ್ಲೇನ್ರಿ ಸರ?" ಅಂದರು.

ಅವ್ವ ಹೇಳಿದ್ದೇನೂ ಸುಳ್ಳಲ್ಲ. ಕೊಳವೆ ಪ್ಲಾಸ್ಟಿಕ್. ಕ್ಯಾಮೆರಾಗೆ ಸಿಕ್ಕಿಸುವ ಮೌಂಟ್ ಕೂಡ ಪ್ಲಾಸ್ಟಿಕ್. ಬೆಳಕು ಒಳಗೆ ಬರುವ ಬಾಯಿ ಸಣ್ಣದು, ಹಾಗಾಗಿ ಗಾಜೂ ಸಣ್ಣದು. ಕ್ರಿಕೆಟ್ ಮೈದಾನದ ಅಂಚಿನಲ್ಲಿ ಫೋಟೋಗ್ರಾಫರುಗಳು ಒಂಟಿ ಕಾಲಿನ ಸ್ಟ್ಯಾಂಡಿನ ಮೇಲಿಟ್ಟುಕೊಂಡು ಕೂರುವ ಬಿಳಿ ಲೆನ್ಸ್ ನೋಡಿರುತ್ತೀರಲ್ಲ? ಅಂಥದ್ದೊಂದು, ಕ್ಯಾನನ್‌ನ 400 ಮಿಲಿಮೀಟರ್ ಎಫ್ 2.8 (ಎಫ್ ಅಂಕಿ ಚಿಕ್ಕದಾದಷ್ಟೂ ಬಾಯಿ ದೊಡ್ಡದು), ಮೊದಲು 3.85 ಕಿಲೋ ತೂಗುತ್ತಿತ್ತು. 2018ರಲ್ಲಿ ಬಂದ ಹೊಸ ಮಾದರಿಯಲ್ಲಿ ಒಂದು ಕಿಲೋ ಇಳಿಸಿ 2.84ಕ್ಕೆ ತಂದರು. 2020ರಲ್ಲಿ ಅದೇ ಕಂಪನಿ 600 ಮಿಲಿಮೀಟರಿನ ಲೆನ್ಸನ್ನೇ 930 ಗ್ರಾಂನಲ್ಲಿ ಮಾಡಿತು. ಕಿಲೋಗೆ 70 ಗ್ರಾಂ ಕಮ್ಮಿ! ಅದರ ಬಾಯಿ ಎಫ್ 11ಕ್ಕೇ ನಿಂತಿರುತ್ತದೆ, ಹೊತ್ತು ಮುಳುಗಿದರೆ ಅದರ ಆಟವೂ ಮುಗಿಯಿತು ಅನ್ನುವುದು ಬೇರೆ ಮಾತು. ತೂಕ ಇಳಿಸಬೇಕಾದರೆ ಏನಾದರೂ ಬಿಡಲೇಬೇಕು. ಇದನ್ನು ನನ್ನ ಹೆಂಡತಿ ನನಗೆ ಬೇರೆ ಸಂದರ್ಭದಲ್ಲಿ ಹೇಳಿದ್ದಾಳೆ.

ಲೆನ್ಸು ಎಷ್ಟು ದಿನ ಬಾಳುತ್ತದೆ ಎಂದು ಯೋಚಿಸುವಾಗ ನಾನು ಮಳೆ, ಕಾಡು, ಬೆಟ್ಟ ಅಂತೆಲ್ಲ ಲೆಕ್ಕ ಹಾಕಿದ್ದೆ. ಮನೆಯನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಭಾರದ ವಸ್ತುವನ್ನು ಜನ ಎರಡು ಕೈಯಲ್ಲಿ ಹಿಡಿಯುತ್ತಾರೆ, ಇಡಲು ಒಂದು ಜಾಗ ಅಂತ ಮಾಡುತ್ತಾರೆ. ಹಗುರ ಇದ್ದರೆ ಎಲ್ಲಿ ಬೇಕಾದರೂ ಇಡುತ್ತಾರೆ. ನನ್ನ ಲೆನ್ಸು ಮೊದಲ ತಿಂಗಳಲ್ಲೇ ಫ್ರಿಜ್ ಮೇಲೆ, ಸ್ಕೂಟರ್ ಡಿಕ್ಕಿಯಲ್ಲಿ, ಮಗನ ಕ್ರಿಕೆಟ್ ಕಿಟ್ಟಿನಲ್ಲಿ, ಒಂದು ಸಲವಂತೂ ರೊಟ್ಟಿ ಬುಟ್ಟಿಯಲ್ಲಿ ಕಡಕ್ ರೊಟ್ಟಿಗಳ ನಡುವೆ ಸಿಕ್ಕಿತು. ಬುಟ್ಟಿಯೊಳಗೆ ಯಾರು ಇಟ್ಟರು ಅಂತ ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ.

ನಮ್ಮ ಕಡೆ ಅಡುಗೆಮನೆ ಅಂದರೆ ಜೋಳದ ಹಿಟ್ಟಿನ ಮೋಡ. ಅವ್ವ ರೊಟ್ಟಿ ಬಡಿಯುವುದನ್ನು ಬಾಗಿಲಲ್ಲಿ ನಿಂತು, ದೂರದಿಂದ, ಅವಳಿಗೆ ಗೊತ್ತಾಗದ ಹಾಗೆ ತೆಗೆಯಬೇಕು ಎಂಬುದು ನನ್ನ ಆಸೆ. ತೆಗೆದೆ. ಚೆನ್ನಾಗಿಯೂ ಬಂತು. ಆದರೆ ಇಂಥ ಝೂಮ್ ಲೆನ್ಸಿನ ಕೊಳವೆ ಮುಂದಕ್ಕೆ ಹೋದಾಗ ಒಳಗೆ ಗಾಳಿ ಎಳೆದುಕೊಳ್ಳುತ್ತದೆ, ಹಿಂದಕ್ಕೆ ಬಂದಾಗ ಬಿಡುತ್ತದೆ. ಕಮ್ಮಾರನ ತಿದಿ ಇದ್ದ ಹಾಗೆ. ಗಾಳಿಯ ಜತೆ ಹಿಟ್ಟೂ ಹೋಯಿತು. ಬೇಸಿಗೆಯಲ್ಲಿ ಎರೆಮಣ್ಣಿನ ದೂಳೂ ಹೋಯಿತು. ಮುಂದಿನ ಗಾಜಿನ ಹಿಂದೆ ಬಿಳಿ ಕಣ, ಕರಿ ಕಣ ಎರಡೂ ಕಾಣತೊಡಗಿದವು. ರಾತ್ರಿ ಟಾರ್ಚ್ ಬಿಟ್ಟು ನೋಡುತ್ತಾ ಕೂರುತ್ತಿದ್ದೆ. ಹೊಸ ಲೆನ್ಸಿನೊಳಗೆ ಯಾವತ್ತೂ ಟಾರ್ಚ್ ಬಿಟ್ಟು ನೋಡಬಾರದು. ನಿದ್ದೆ ಹೋಗುತ್ತದೆ.

ಮುಂದಿನದು ಮದುವೆ.

ಹೆಂಡತಿಯ ಚಿಕ್ಕಪ್ಪನ ಮಗಳ ಮದುವೆ. ಅಷ್ಟು ಹೊತ್ತಿಗೆ ಲೆನ್ಸಿಗೆ ಎರಡು ವರ್ಷ. ಝೂಮ್ ಸಡಿಲಾಗಿತ್ತು. ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ನಡೆದರೆ ಕೊಳವೆ ತನ್ನಷ್ಟಕ್ಕೆ ತಾನೇ ನಿಧಾನಕ್ಕೆ ಕೆಳಗೆ ಇಳಿಯುತ್ತಿತ್ತು. ಕೊಳವೆಯ ಮುಂಭಾಗದಲ್ಲಿ ಗಾಜಿನ ಭಾರ, ನೆಲ ಎಳೆಯುತ್ತದೆ, ಅಷ್ಟೇ. ಆದರೆ ನೋಡುವವರಿಗೆ ಆನೆ ಸೊಂಡಿಲು ಚಾಚಿದ ಹಾಗೆ ಕಾಣುತ್ತದೆ.

ಮೊದಲ ಪಂಕ್ತಿ ಕೂತಿತ್ತು. ಬಡಿಸುವವರು ಕಡಿಮೆ ಬಿದ್ದರು. ಮಾವನವರು ನನ್ನ ಕೈಗೆ ಹುಗ್ಗಿಯ ಬಕೆಟ್ಟು ಕೊಟ್ಟು, "ಅಳಿಯಂದ್ರ, ಒಂದೀಟ ಹಿಡೀರಿ" ಅಂದರು. ಅಳಿಯನಾದವನು ಇಲ್ಲ ಅನ್ನುವಂತಿಲ್ಲ. ಕೊರಳಲ್ಲಿ ಕ್ಯಾಮೆರಾ, ಕೈಯಲ್ಲಿ ಬಕೆಟ್ಟು, ಇನ್ನೊಂದು ಕೈಯಲ್ಲಿ ಸೌಟು. ನಾಲ್ಕನೇ ಎಲೆಯ ಮುಂದೆ ಬಗ್ಗಿದೆ. ಲೆನ್ಸು ಮೆಲ್ಲಗೆ ಉದ್ದವಾಯಿತು. ನನಗೆ ಗೊತ್ತಾಗಲಿಲ್ಲ. ಎಲೆಯ ಮುಂದೆ ಕೂತಿದ್ದ ಅಜ್ಜ ಮಾತ್ರ ಕಣ್ಣು ಬಿಟ್ಟು ನೋಡುತ್ತಿದ್ದರು. ಅವರ ಎಲೆಯ ಮೇಲಿನ ಬಿಸಿ ಬಿಸಿ ಗೋಧಿ ಹುಗ್ಗಿಗೆ, ಮೇಲೆ ಹಾಕಿದ್ದ ತುಪ್ಪದ ಸಮೇತ, ನನ್ನ ಟೆಲಿಫೋಟೋ ಲೆನ್ಸು ಮೂತಿ ಇಟ್ಟಿತು.

ಅಜ್ಜ ಒಂದು ಕ್ಷಣ ಸುಮ್ಮನಿದ್ದು ಹೇಳಿದರು: "ಅದಕ್ಕೂ ಒಂದ್ ಎಲಿ ಹಾಕ್ರಿ. ಹಸದೈತಿ ಪಾಪ."

ಇಡೀ ಪಂಕ್ತಿ ನಕ್ಕಿತು. ಅಜ್ಜನಿಗೆ ಬೇರೆ ಎಲೆ ಬಂತು. ನಾನು ನಲ್ಲಿಯ ಹತ್ತಿರ ಹೋಗಿ ಒದ್ದೆ ಕರವಸ್ತ್ರದಲ್ಲಿ ಒರೆಸಿದೆ. ಮುಂದೆ ಯು.ವಿ. ಫಿಲ್ಟರ್ ಇದ್ದಿದ್ದರಿಂದ ಗಾಜು ಉಳಿಯಿತು. ಬೆಲ್ಲ ಮಾತ್ರ ಕೊಳವೆಯ ಸಂದಿಗೆ ಹೋಗಿ ಸೇರಿತು. ಒಂದು ವಾರ ಇರುವೆ ಬಂದವು. ಆದರೆ ಒಂದು ಲಾಭವೂ ಆಯಿತು. ಆವತ್ತಿನಿಂದ ಝೂಮ್ ಕೆಳಗೆ ಜಾರುವುದು ನಿಂತಿತು. ಇದಕ್ಕೆ ಜನ ರಬ್ಬರ್ ಬ್ಯಾಂಡ್ ಹಾಕುತ್ತಾರೆ, ಟೇಪ್ ಸುತ್ತುತ್ತಾರೆ. ಬೆಲ್ಲದ ಉಪಾಯ ಯಾರಿಗೂ ಹೊಳೆದಿರಲಿಕ್ಕಿಲ್ಲ. ಮಳೆಗಾಲ ಬಂದು ಬೆಲ್ಲ ಕರಗಿದ ಮೇಲೆ ನಾನೂ ರಬ್ಬರ್ ಬ್ಯಾಂಡಿಗೇ ಬಂದೆ. ಹೆಂಡತಿಯ ಜಡೆಯದ್ದು. ಕೆಂಪು ಬಣ್ಣ.

ಹೋಳಿಯ ಕತೆ ಉದ್ದ ಮಾಡುವುದಿಲ್ಲ. ಬಾಗಲಕೋಟೆಯ ಹೋಳಿ ಗೊತ್ತಿದ್ದವರಿಗೆ ಹೇಳುವುದೇ ಬೇಡ. ಹಲಗೆಯ ಸದ್ದು ವಾರ ಮೊದಲೇ ಶುರು. ಬಂಡಿಯಲ್ಲಿ ಬ್ಯಾರಲ್ ಇಟ್ಟುಕೊಂಡು ಬಣ್ಣ ಎರಚುವವರ ಮುಂದೆ ಕ್ಯಾಮೆರಾ ಹಿಡಿದು ನಿಲ್ಲುವವನ ಬುದ್ಧಿ ಎಷ್ಟಿರಬಹುದು ನೀವೇ ಹೇಳಿ. ಹಾಲಿನ ಪ್ಯಾಕೆಟ್ ತರುವ ಕವರನ್ನು ಲೆನ್ಸಿಗೆ ತೊಡಿಸಿದ್ದೆ. ಒಳಗೆ ನೀರು ಹೋಗದಂತೆ ತಡೆಯುವ ರಬ್ಬರ್ ಸುತ್ತುಗಳು ದುಬಾರಿ ಲೆನ್ಸುಗಳಲ್ಲಿ ಇರುತ್ತವೆ. ನನ್ನದರಲ್ಲಿ ಇಲ್ಲ. ಕವರಿನಲ್ಲಿ ತೂತು ಇತ್ತು. ಝೂಮ್ ತಿರುಗಿಸುವ ರಬ್ಬರ್ ಹಿಡಿಕೆಯ ಗೆರೆಗಳಲ್ಲಿ ಗುಲಾಬಿ ಬಣ್ಣ ಇವತ್ತಿಗೂ ಇದೆ. ಮುಂದೆ ಆ ರಬ್ಬರೇ ಮೇಲೆ ಬೆಳ್ಳಗಾಗುತ್ತಾ ಬಂತು. ಹಳೆಯ ರಬ್ಬರ್ ಹಿಡಿಕೆಗಳು ಹೀಗೆ ಬಿಳಿ ಬಿಡುತ್ತವೆ, ಒರೆಸಿದರೆ ಹೋಗಿ ಮತ್ತೆ ಬರುತ್ತವೆ. ಅವ್ವ ನೋಡಿ, "ವಿಭೂತಿ ಹಚ್ಕೊಂಡೈತಿ, ಈಗ ಸುಧಾರಿಸ್ತೈತಿ ಬಿಡು" ಅಂದಳು.

ಸುಧಾರಿಸಲಿಲ್ಲ. ಬಿತ್ತು.

ಆಲಮಟ್ಟಿ ಹಿನ್ನೀರಿಗೆ ರಾಜಹಂಸ ಬಂದಿವೆ ಎಂದು ಸುದ್ದಿ. ಬೆಳಗಿನ ಜಾವ ಬೈಕ್ ಹತ್ತಿ ಹೆರಕಲ್ ಕಡೆ ಹೊರಟೆ. ಲೆನ್ಸು ಬಟ್ಟೆಯ ಚೀಲದಲ್ಲಿ, ಚೀಲ ಹ್ಯಾಂಡಲ್ಲಿಗೆ. ಹಗುರ ಅಲ್ವಾ, ಏನಾಗುತ್ತೆ ಅಂತ. ಬಣ್ಣ ಹೋದ ಹಂಪ್ ಒಂದು ಕಾಣಲಿಲ್ಲ. ಬೈಕ್ ಹಾರಿತು, ಚೀಲವೂ ಹಾರಿತು. ಹಿಂದೆ ತಿರುಗಿ ನೋಡಿದರೆ ಲೆನ್ಸು ಡಾಂಬರಿನ ಮೇಲೆ ಉರುಳುತ್ತಾ ಪಕ್ಕದ ಜಾಲಿ ಮುಳ್ಳಿನ ಕಡೆ ಹೊರಟಿತ್ತು. ಮುಂದೆ ಸಿಕ್ಕಿಸಿದ್ದ ಪ್ಲಾಸ್ಟಿಕ್ ಹುಡ್ ಎರಡು ಹೋಳು. ದೃಷ್ಟಿಗೆ ಒಡೆದ ಕುಂಬಳಕಾಯಿಯಂತೆ ಎಲ್ಲ ಪೆಟ್ಟನ್ನೂ ಅದೇ ತಿಂದಿತ್ತು. ಉಳಿದದ್ದೆಲ್ಲ ಮೇಲ್ನೋಟಕ್ಕೆ ನೆಟ್ಟಗಿತ್ತು. ರಾಜಹಂಸಗಳನ್ನೂ ತೆಗೆದೆ. 250 ಮಿಲಿಮೀಟರಿನಲ್ಲಿ ಅವು ಜೋಳದ ಕಾಳಿನಷ್ಟು ಬಂದವು. ಅದು ಬಿದ್ದದ್ದರಿಂದಲ್ಲ, ಮೊದಲಿಂದಲೂ ಅಷ್ಟೇ.

ಮನೆಗೆ ಬಂದು ಲೆನ್ಸನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದೆ. ಒಳಗೆ ಕಟಕಟ. ಎದೆ ಧಸಕ್ಕೆಂದಿತು. ಅವ್ವ ಕಸಿದುಕೊಂಡು, ಚಟ್ನಿಗೆ ತೆಂಗಿನಕಾಯಿ ಆರಿಸುವವಳ ಗಂಭೀರದಲ್ಲಿ ತಾನೂ ಅಲುಗಾಡಿಸಿದಳು. "ಒಳಗ ನೀರ ಬತ್ತೇತಿ, ಕೊಬ್ಬರಿ ಆಗೇತಿ" ಎಂದು ತೀರ್ಪು ಕೊಟ್ಟಳು.

ಬಿದ್ದ ಲೆನ್ಸಿನ ಒಳಗಿನ ಗಾಜು ಒಂದು ಕೂದಲೆಳೆ ವಾರೆಯಾದರೂ ಫೋಟೋದ ಒಂದು ಬದಿ ಮಬ್ಬಾಗುತ್ತದೆ. ಪರೀಕ್ಷೆ ಸುಲಭ. ಇಟ್ಟಿಗೆ ಗೋಡೆಯ ಮುಂದೆ ನೇರ ನಿಂತು ತೆಗೆಯಬೇಕು. ನಾಲ್ಕು ಮೂಲೆಯೂ ಒಂದೇ ಥರ ಚೂಪಾಗಿದ್ದರೆ ಸರಿ. ನವನಗರದಲ್ಲಿ ನಮ್ಮ ಸುತ್ತಮುತ್ತ ಎಲ್ಲ ಗಿಲಾವ್ ಮಾಡಿದ ಗೋಡೆಗಳೇ. ಹಾಗಾಗಿ ಹಳೇ ಊರಿಗೆ ಹೋದೆ. ಸೋದರಮಾವನ ಓಣಿಯಲ್ಲಿ ಇಟ್ಟಿಗೆ ಕಾಣುವ ಒಂದು ಹಳೆಯ ಗೋಡೆ ಇದೆ. ಟ್ರೈಪಾಡ್ ಹಾಕಿದೆ. ನೇರ ನಿಲ್ಲಬೇಕಲ್ಲ, ಟೇಪು ಹಿಡಿದು ಗೋಡೆಯಿಂದ ಎರಡೂ ಬದಿ ದೂರ ಅಳೆದೆ. ಒಂದು ಪುಸ್ತಕದಲ್ಲಿ ಬರೆದುಕೊಂಡೆ.

ಪುಸ್ತಕ ತೆಗೆದದ್ದೇ ತಪ್ಪಾಯಿತು.

ಹಳೇ ಬಾಗಲಕೋಟೆಯಲ್ಲಿ ಟೇಪು, ಪುಸ್ತಕ, ಮೂರು ಕಾಲಿನ ಸ್ಟ್ಯಾಂಡು ಒಟ್ಟಿಗೆ ಕಂಡರೆ ಅದಕ್ಕೆ ಒಂದೇ ಅರ್ಥ: ಮುಳುಗಡೆ ಪರಿಹಾರದ ಸರ್ವೆ. ಅರ್ಧ ಊರನ್ನು ಹಿನ್ನೀರಿಗೆ ಬಿಟ್ಟುಕೊಟ್ಟ ಜನ. ಆಲಮಟ್ಟಿ ಅಣೆಕಟ್ಟೆಯ ನೀರಿನ ಮಟ್ಟ 519.6 ಮೀಟರಿನಿಂದ 524.256ಕ್ಕೆ ಏರುತ್ತದೆ ಎಂಬ ಮಾತನ್ನು ವರ್ಷಗಳಿಂದ ಕೇಳುತ್ತಾ ಕೂತವರು. ಅಲ್ಲಿ ಚಿಕ್ಕ ಹುಡುಗನಿಗೂ ಈ ಅಂಕಿ ಮಗ್ಗಿಯ ಹಾಗೆ ಬಾಯಿಪಾಠ. ಐದು ನಿಮಿಷದಲ್ಲಿ ನನ್ನ ಹಿಂದೆ ಹನ್ನೆರಡು ಜನ.

"ಸಾಹೇಬ್ರ, 524 ಫೈನಲ್ ಆತೇನ್ರಿ?"

"ಇಲ್ರೀ, ನಾನು ಲೆನ್ಸ್ ಚೆಕ್ ಮಾಡ್ತಿದ್ದೀನಿ."

"ಮಾಡ್ರಿ, ಮಾಡ್ರಿ. ಹಿತ್ತಲ ಕಡೆ ಎರಡ ಖೋಲಿ ಅದಾವ, ಅವನ್ನೂ ಬರಕೋರಿ. ಹಿಂದಿನ ಸಲ ಬಿಟ್ಟಿದ್ರು."

ಒಬ್ಬ ಅಜ್ಜಿ ಚಹಾ ತಂದರು. ಇನ್ನೊಬ್ಬರು ತಮ್ಮ ಬೇವಿನ ಮರವನ್ನೂ ಫೋಟೋದಲ್ಲಿ ಸೇರಿಸಬೇಕೆಂದು ಹಟ ಹಿಡಿದರು. ಎಲ್ಲ ಗಲಾಟೆ ಕೇಳಿ ಸೋದರಮಾವ ಬಂದು, "ಏ, ಇಂವ ನಮ್ಮ ಅಳಿಯ. ಇವಂಗ ಒಂದ ಕೆಲಸ ಇಲ್ಲ" ಎಂದು ಪರಿಚಯ ಮಾಡಿಕೊಟ್ಟ ಮೇಲೆ ಗುಂಪು ಕರಗಿತು. ಚಹಾ ಲೋಟವನ್ನೂ ಅಜ್ಜಿ ವಾಪಸು ತಗೊಂಡರು. ಅರ್ಧ ಉಳಿದಿತ್ತು.

ಫೋಟೋದಲ್ಲಿ ಎಡಗಡೆಯ ಇಟ್ಟಿಗೆ ತುಸು ಮಬ್ಬು. ಲೆನ್ಸನ್ನು ಹುಬ್ಬಳ್ಳಿಗೆ ಒಯ್ದೆ.

ರಿಪೇರಿ ಮಾಡುವವರು ವಯಸ್ಸಾದವರು. ಕಣ್ಣಿಗೆ ಬಿಗಿಯುವ ಸಣ್ಣ ದುರ್ಬೀನು, ಮೇಜಿನ ಮೇಲೆ ಅಕ್ಕಿ ಕಾಳಿನಂಥ ಸ್ಕ್ರೂಗಳು. ನಾನು ಕಟಕಟ ಸದ್ದಿನ ಬಗ್ಗೆ ಗಾಬರಿಯಿಂದ ಹೇಳಿದೆ. ಅವರು ತಲೆ ಎತ್ತದೆ, "ಹೊಸಾದಿದ್ದಾಗ ಅಲ್ಲಾಡಿಸಿ ನೋಡಿದ್ರೇನು?" ಎಂದು ಕೇಳಿದರು. ಇಲ್ಲ. "ಹೊಸಾದೂ ಹಂಗ ಸದ್ದ ಮಾಡ್ತೈತ್ರಿ." ಕೈ ನಡುಗಿದರೂ ಚಿತ್ರ ನಡುಗದಂತೆ ಸರಿದಾಡುವ ಗಾಜು ಒಳಗೆ ಒಂದಿರುತ್ತದಂತೆ. ಕ್ಯಾಮೆರಾ ಬಂದ್ ಇದ್ದಾಗ ಅದನ್ನು ಹಿಡಿದಿಡುವವರು ಯಾರೂ ಇಲ್ಲ, ತೊಟ್ಟಿಲ ಕೂಸಿನ ಹಾಗೆ ಆಡುತ್ತದೆ. ಜೋಳದ ಹಿಟ್ಟಿನ ಬಗ್ಗೆ ಕೇಳಿದೆ. ಮುಂದಿನ ಗಾಜಿನ ದೂಳು ಫೋಟೋದಲ್ಲಿ ಕಾಣುವುದೇ ಇಲ್ಲ, ಹಿಂದಿನ ಗಾಜಿಗೆ ಗೀರು ಬಿದ್ದರೆ ಮಾತ್ರ ಚಿಂತೆ ಮಾಡಿ ಅಂದರು. ಮೌಂಟಿನ ಒಂದು ಸ್ಕ್ರೂ ಸಡಿಲಾಗಿ ಲೆನ್ಸು ವಾರೆ ಕೂತಿತ್ತು. ಬಿಗಿದರು. ಎಡಗಡೆ ಸರಿಹೋಯಿತು.

"ಕಬ್ಬಿಣದ್ದಾಗಿದ್ರ ಬಿದ್ದ ಪೆಟ್ಟು ಕ್ಯಾಮೆರಾಕ್ಕ ಹೋಗ್ತಿತ್ತು, ಇದು ಬಾಗಿ ತಡಕೊಂಡೈತಿ" ಅಂದರು. ಆಮೇಲೆ ಕೊಳವೆಯ ಸಂದಿಯಿಂದ ಚಿಮಟದಲ್ಲಿ ಏನನ್ನೋ ಎಳೆದು, ದುರ್ಬೀನಿನಲ್ಲಿ ನೋಡಿ, ಮೂಸಿ, ನನ್ನ ಮುಖ ನೋಡಿದರು.

"ಏನ್ರಿ ಇದು, ಗೋಧಿ?"

ಮದುವೆಯ ಕತೆ ಹೇಳಬೇಕಾಯಿತು. ಅವರು ನಕ್ಕ ಖುಷಿಗೋ ಏನೋ, 300 ರೂಪಾಯಿಗೇ ಬಿಟ್ಟರು. ಅದೇ ಅಂಗಡಿಯಲ್ಲಿ ಒಬ್ಬರು ತಮ್ಮ ಒಂದೂವರೆ ಕಿಲೋ ಲೆನ್ಸ್ ತಂದಿದ್ದರು. ಚರ್ಮದ ಡಬ್ಬಿ, ಮಖಮಲ್ ಬಟ್ಟೆ. ಭಾರ ಅಂತ ಎರಡು ಮಳೆಗಾಲ ಅಲ್ಮೇರಾದಿಂದ ಹೊರಗೇ ತೆಗೆದಿರಲಿಲ್ಲವಂತೆ. ಗಾಜಿನ ಮೇಲೆ ಬೂಷ್ಟು, ಮಂಜಿನ ಎಳೆಗಳ ಹಾಗೆ. ನಾನು ನನ್ನ ಗುಲಾಬಿ ಗೆರೆಯ, ವಿಭೂತಿ ಮೈಯ, ಕೆಂಪು ಜಡೆಬ್ಯಾಂಡಿನ ಲೆನ್ಸನ್ನು ಬೇಗ ಬೇಗ ಚೀಲಕ್ಕೆ ಹಾಕಿಕೊಂಡೆ. ಅವರೆದುರು ಅದನ್ನು ತೋರಿಸುವುದು ಸರಿಯೆನಿಸಲಿಲ್ಲ.

ಮೊನ್ನೆ ಭಾನುವಾರ ಮಾಳಿಗೆ ಮೇಲೆ ಗಿಣಿ ಹಿಂಡು ಬರುತ್ತದೆಂದು ಕಾಯುತ್ತಿದ್ದೆ. ಫೋನ್ ಬಂತು, ಲೆನ್ಸನ್ನು ಪ್ಯಾರಾಪೆಟ್ ಮೇಲಿಟ್ಟು ಕೆಳಗಿಳಿದೆ. ವಾಪಸು ಬರುವಷ್ಟರಲ್ಲಿ ಅವ್ವ ಹಳೇ ಧೋತರ ಹಾಸಿ ಸಂಡಿಗೆ ಇಟ್ಟಿದ್ದಳು. ಜೋರು ಗಾಳಿ. ಧೋತರದ ಮೂರು ಮೂಲೆಗೆ ಮೂರು ಕಲ್ಲು. ನಾಲ್ಕನೇ ಮೂಲೆಗೆ ನನ್ನ ಲೆನ್ಸು. ನೋಡುತ್ತಿದ್ದಂತೆ ಆ ಮೂಲೆ ಪಟಪಟ ಎದ್ದಿತು, ಲೆನ್ಸು ಉರುಳಿ ಹಸಿ ಸಂಡಿಗೆಯ ಮೇಲೆ ಹೋಗಿ ಕೂತಿತು.

ಅವ್ವ ಅದನ್ನು ಎತ್ತಿ, ಸೆರಗಿನಿಂದ ಒರೆಸಿ, ನನ್ನ ಕೈಗೆ ಕೊಟ್ಟಳು.

"ಇದು ಏನಕ್ಕೂ ಬರೂದಿಲ್ಲ ನೋಡು. ಹೋಗಿ ಒಂದ್ ಚಲೋ ಕಲ್ಲ ತಗೊಂಬಾ."