ಸರ್ವಿಸ್ ಡಾಗ್ ಹುಡುಕುವ ಮೊದಲು ಅದಕ್ಕೆ ಏನು ಕೆಲಸ ಅಂತ ಬರೆದಿಟ್ಟುಕೊಳ್ಳಿ

ಆಟಿಸಂ ಇರುವ ಮಕ್ಕಳ ಅಪ್ಪ-ಅಮ್ಮಂದಿರ ವಾಟ್ಸಾಪ್ ಗುಂಪುಗಳಲ್ಲಿ ಈಚೆಗೆ ಒಂದೇ ಪ್ರಶ್ನೆ ಪದೇ ಪದೇ ಬರುತ್ತಿದೆ. "ಮಗುಗೆ ಸರ್ವಿಸ್ ಡಾಗ್ ಎಲ್ಲಿ ಸಿಗುತ್ತೆ? ಎಷ್ಟಾಗುತ್ತೆ? ಲ್ಯಾಬ್ರಡಾರ್ ತಗೊಳ್ಳೋದಾ, ಗೋಲ್ಡನ್ ರಿಟ್ರೀವರ್ ತಗೊಳ್ಳೋದಾ?" ಸರ್ವಿಸ್ ಡಾಗ್ ಅಂದರೆ ಅಂಗವೈಕಲ್ಯ ಇರುವವರಿಗೆ ನೆರವಾಗಲು ತರಬೇತಿ ಪಡೆದ ನಾಯಿ. ಅಮೆರಿಕದ ಓಹಾಯೋದಲ್ಲಿರುವ ನಮ್ಮ ಮನೆಯಲ್ಲಿ ಅಂಥದ್ದೊಂದು ನಾಯಿ ಇರುವುದರಿಂದ ಸುಮಾರು ಜನ ನನ್ನನ್ನು ಕೇಳುತ್ತಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ತಳಿ, ದುಡ್ಡು ಎಲ್ಲ ಆಮೇಲೆ. ನಿಮ್ಮ ಮಗುವಿಗೆ ಈ ನಾಯಿ ಏನು ಕೆಲಸ ಮಾಡಿಕೊಡಬೇಕು ಅನ್ನೋದು ಮೊದಲು ನಿಮಗೆ ಗೊತ್ತಿರಬೇಕು. "ಅವನಿಗೆ ಜೊತೆ ಆಗುತ್ತೆ" ಅಂದರೆ ಸಾಲದು. ಜೊತೆಗಾದರೆ ಮನೆಯಲ್ಲಿ ಸಾಕಿದ ಒಂದು ಒಳ್ಳೆಯ ನಾಯಿ ಸಾಕು, ಅದಕ್ಕೆ ವರ್ಷಗಟ್ಟಲೆ ಕಾಯಬೇಕಾಗಿಲ್ಲ.

ನಮ್ಮ ಮಗನಿಗೆ ಎರಡು ಕಷ್ಟಗಳಿದ್ದವು. ಒಂದು, ಕೈ ಬಿಡಿಸಿಕೊಂಡು ಓಡುವುದು. ಇದು ನಮ್ಮೊಬ್ಬರ ಮನೆಯ ಕಥೆ ಅಲ್ಲ. 2012ರಲ್ಲಿ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ, ಆಟಿಸಂ ಇರುವ ಮಕ್ಕಳಲ್ಲಿ 49 ಶೇಕಡಾ ಮಕ್ಕಳು ನಾಲ್ಕು ವರ್ಷ ದಾಟಿದ ಮೇಲೆ ಒಮ್ಮೆಯಾದರೂ ಹೀಗೆ ತಪ್ಪಿಸಿಕೊಂಡು ಹೋಗಲು ನೋಡಿದ್ದರು ಅಂತ ಇದೆ. ಎರಡನೆಯದು, ಸದ್ದು ಜಾಸ್ತಿಯಾದರೆ ಅವನು ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಾನೆ. ಅರ್ಜಿಯಲ್ಲಿ ನಾವು ಬರೆದದ್ದು ಈ ಎರಡೇ. ನಾಯಿ ಕಲಿತು ಬಂದದ್ದೂ ಇವಕ್ಕೆ ಬೇಕಾದ ಕೆಲಸಗಳನ್ನೇ.

ಹೇಗೆ ಅಂತ ಹೇಳ್ತೀನಿ. ಯುಗಾದಿಗೆ ಕನ್ನಡ ಕೂಟದ ಕಾರ್ಯಕ್ರಮ. ಮೈಕ್ ಟೆಸ್ಟ್ ಮಾಡುವಾಗ ಸ್ಪೀಕರ್ ಕೀಂಯ್ ಅಂತ ಕಿರುಚಿತು. ಇವನ ಹೆಬ್ಬೆರಳಿನ ಬುಡ ಆಗಲೇ ಹಲ್ಲಿನ ಮಧ್ಯೆ ಹೋಗಿತ್ತು. ನಾನು "ಲ್ಯಾಪ್" ಅಂದೆ. ನಮ್ಮ ನಾಯಿ ಹೇಜಲ್ ಎದ್ದು ಮುಂಗಾಲು ಎರಡನ್ನೂ ಅವನ ತೊಡೆಯ ಮೇಲಿಟ್ಟು ಎದೆಭಾರ ಪೂರ್ತಿ ಹಾಕಿ ಒರಗಿತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅವನ ಇನ್ನೊಂದು ಕೈ ಅದರ ಕಿವಿಯ ಅಂಚನ್ನು ಹುಡುಕಿ ಉಜ್ಜತೊಡಗಿತು. ಕಚ್ಚಿದ ಕೈ ತಾನಾಗಿಯೇ ಬಾಯಿಂದ ಇಳಿಯಿತು. ನಾವು ಕಾರ್ಯಕ್ರಮ ಮುಗಿಯುವ ತನಕ ಇದ್ದು, ಹೋಳಿಗೆ ಊಟ ಮಾಡಿಕೊಂಡೇ ಬಂದೆವು. ಇಂಥ ಮಕ್ಕಳಿರುವ ಮನೆಯವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ವಿವರಿಸಬೇಕಾಗಿಲ್ಲ.

ಇದು ನಮ್ಮ ಭಾವನೆ ಮಾತ್ರವೂ ಅಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ 42 ಮಕ್ಕಳ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಅಳೆದು 2010ರಲ್ಲಿ ವರದಿ ಮಾಡಿದರು. ಬೆಳಿಗ್ಗೆ ಎದ್ದ ಕೂಡಲೇ ಆ ಹಾರ್ಮೋನ್ ಏರುತ್ತದೆ. ನಾಯಿ ಬರುವ ಮೊದಲು ಆ ಏರಿಕೆ 58 ಶೇಕಡಾ ಇತ್ತು. ನಾಯಿ ಮನೆಯಲ್ಲಿದ್ದಾಗ 10 ಶೇಕಡಾಕ್ಕೆ ಇಳಿಯಿತು. ನಾಯಿಯನ್ನು ವಾಪಸ್ ಕರೆದುಕೊಂಡು ಹೋದ ಮೇಲೆ ಮತ್ತೆ 48ಕ್ಕೆ ಹೋಯಿತು. ಇಡೀ ದಿನದ ಸರಾಸರಿಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಹಾಗಂತ, ನಾಯಿ ಬಂದರೆ ಆಟಿಸಂ ವಾಸಿಯಾಗುತ್ತೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಕೆಲಸ ಯಾವುದು ಅಂತ ಅಮೆರಿಕದ ಕಾನೂನೂ ಕೇಳುತ್ತದೆ. ಎಡಿಎ (ಅಮೆರಿಕನ್ಸ್ ವಿತ್ ಡಿಸೆಬಿಲಿಟೀಸ್ ಆಕ್ಟ್) ಅನ್ನುವುದು ಅಂಗವಿಕಲರ ಹಕ್ಕುಗಳ 1990ರ ಕಾಯ್ದೆ. 2011ರಿಂದ ಜಾರಿಯಲ್ಲಿರುವ ಅದರ ನಿಯಮದ ಪ್ರಕಾರ, ಅಂಗವೈಕಲ್ಯಕ್ಕೆ ಸಂಬಂಧಪಟ್ಟ ನಿರ್ದಿಷ್ಟ ಕೆಲಸ ಕಲಿತ ನಾಯಿ ಸರ್ವಿಸ್ ಡಾಗ್. ಸುಮ್ನೆ ಪಕ್ಕದಲ್ಲಿದ್ದು ನೆಮ್ಮದಿ ಕೊಡುವ ನಾಯಿ ಈ ಲೆಕ್ಕಕ್ಕೆ ಬರುವುದಿಲ್ಲ. ಅಂಗಡಿಯವರು ಎರಡೇ ಪ್ರಶ್ನೆ ಕೇಳಬಹುದು. ಅಂಗವೈಕಲ್ಯದ ಕಾರಣಕ್ಕೆ ಬೇಕಾದ ಸರ್ವಿಸ್ ಡಾಗಾ? ಏನು ಕೆಲಸ ಕಲಿಸಿದ್ದೀರಿ? ಸರ್ಟಿಫಿಕೇಟ್ ತೋರಿಸಿ ಅನ್ನುವ ಹಾಗಿಲ್ಲ, ಯಾಕೆಂದರೆ ಸರ್ಕಾರದ ಸರ್ಟಿಫಿಕೇಟ್ ಅಂತ ಒಂದು ಇಲ್ಲವೇ ಇಲ್ಲ. ಆನ್‌ಲೈನಿನಲ್ಲಿ ದುಡ್ಡು ತೆಗೆದುಕೊಂಡು ಐಡಿ ಕಾರ್ಡು, ಕೆಂಪು ಜಾಕೆಟ್ಟು ಕಳಿಸುವವರಿದ್ದಾರಲ್ಲ, ಆ ಕಾಗದಕ್ಕೆ ಕಾನೂನಿನಲ್ಲಿ ಕವಡೆ ಕಿಮ್ಮತ್ತಿಲ್ಲ. ಅಂಥ ಜಾಕೆಟ್ ಹಾಕಿದ ನಾಯಿಯೊಂದು ಮಾಲಿನಲ್ಲಿ ಹೇಜಲ್ ಮೇಲೆ ಎರಗಿತ್ತು. ನನಗೆ ಇವತ್ತಿಗೂ ಸಿಟ್ಟಿದೆ. ಹೆದರಿದ ನಾಯಿ ಮುಂದೆ ಕೆಲಸವನ್ನೇ ಬಿಟ್ಟುಬಿಡಬಹುದು, ಪೆಟ್ಟು ಬೀಳುವುದು ಮಗುವಿಗೆ.

ಒಳ್ಳೆಯ ಸಂಸ್ಥೆ ಹುಡುಕುವುದಾದರೆ ಇಂಥ ಸಂಸ್ಥೆಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ಅಸಿಸ್ಟೆನ್ಸ್ ಡಾಗ್ಸ್ ಇಂಟರ್‌ನ್ಯಾಷನಲ್‌ನ ಮಾನ್ಯತೆ ಇದೆಯಾ ಅಂತ ನೋಡಿ. ಆಟಿಸಂ ಮಕ್ಕಳಿಗೆ ಅಂತಲೇ ನಾಯಿ ತಯಾರು ಮಾಡುವುದನ್ನು ಮೊದಮೊದಲು ಶುರು ಮಾಡಿದವರಲ್ಲಿ ಕೆನಡಾದ ಒಂಟಾರಿಯೊದ ನ್ಯಾಷನಲ್ ಸರ್ವಿಸ್ ಡಾಗ್ಸ್ ಒಂದು, 1996ರ ಸಂಸ್ಥೆ. ನಮ್ಮ ಓಹಾಯೋದ ಝೀನಿಯಾದಲ್ಲಿ ಫೋರ್ ಪಾಸ್ ಫಾರ್ ಎಬಿಲಿಟಿ 1998ರಿಂದ ಇದೆ, ಅಲ್ಲಿ ಮನೆಯವರು ನಿಧಿ ಸಂಗ್ರಹ ಮಾಡಿಕೊಡಬೇಕಾಗುತ್ತದೆ. ಕೆನೈನ್ ಕಂಪ್ಯಾನಿಯನ್ಸ್ 1975ರಿಂದ ನಡೆಯುತ್ತಿದೆ, ನಾಯಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಎಲ್ಲಿ ಹೋದರೂ ಎರಡು ಮೂರು ವರ್ಷ ಕಾಯುವುದು ಸಾಮಾನ್ಯ. ಮರಿ ಮೊದಲು ಸ್ವಯಂಸೇವಕರ ಮನೆಯಲ್ಲಿ ಒಂದೂವರೆ ವರ್ಷದಷ್ಟು ಬೆಳೆಯುತ್ತದೆ, ಆಮೇಲೆ ತಿಂಗಳುಗಟ್ಟಲೆ ತರಬೇತಿ. ಈ ಕೆಲಸಕ್ಕೆ ಸ್ವಭಾವ ಹೊಂದದ ನಾಯಿಗಳನ್ನು ಮಧ್ಯದಲ್ಲೇ ಬಿಡುತ್ತಾರೆ, ಅವು ಸಾಕುನಾಯಿಗಳಾಗಿ ಹೋಗುತ್ತವೆ. ಬೇಗ ಕೊಡ್ತೀವಿ ಅನ್ನುವವರ ಹತ್ತಿರ, ಎಷ್ಟು ನಾಯಿ ಪಾಸಾಗಲಿಲ್ಲ ಅಂತ ಕೇಳಿ ನೋಡಿ.

ಇನ್ನು ಯಾರೂ ಮೊದಲೇ ಬಿಡಿಸಿ ಹೇಳದ ಸಂಗತಿ. ಈ ನಾಯಿಯನ್ನು ನಡೆಸುವುದು ಮಗು ಅಲ್ಲ, ನೀವು. ನಾಯಿ, ಮಗು, ದೊಡ್ಡವರೊಬ್ಬರು, ಈ ಮೂವರು ಸೇರಿದರೇನೇ ಒಂದು ಟೀಮು. ಆಜ್ಞೆ ಕೊಡುವುದು, ಊಟ ಹಾಕುವುದು, ಹಿಮದಲ್ಲಿ ಹೊರಗೆ ಕರೆದುಕೊಂಡು ಹೋಗಿ ಚೀಲದಲ್ಲಿ ಎತ್ತುವುದು, ಕಲಿತದ್ದು ಮರೆಯದ ಹಾಗೆ ದಿನಾ ಅಭ್ಯಾಸ ಮಾಡಿಸುವುದು ಎಲ್ಲ ನಿಮ್ಮ ತಲೆಗೇ. ಈಗಾಗಲೇ ಥೆರಪಿಗೆ ಓಡಾಡಿ ಸೋತಿರುವ ತಾಯಿಗೆ ಇದು ಇನ್ನೊಂದು ಕೆಲಸ. ಗಂಡ-ಹೆಂಡತಿ ಕೂತು ಇದನ್ನು ಮಾತಾಡಿಕೊಳ್ಳದೆ ಅರ್ಜಿ ಹಾಕಬೇಡಿ.

ಸ್ಕೂಲಿನ ವಿಷಯದಲ್ಲೂ ತೊಡಕು ಇದೇ. ಮಿಷಿಗನ್‌ನ ಎಲೆನಾ ಫ್ರೈ ಅನ್ನುವ ಹುಡುಗಿಯ ನಾಯಿಯನ್ನು ಶಾಲೆ ಒಳಗೆ ಬಿಡದೆ, ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ 2017ರಲ್ಲಿ ಕುಟುಂಬದ ಪರ ತೀರ್ಪು ಬಂತು. ಅದನ್ನು ತೋರಿಸಿ "ಶಾಲೆ ಬಿಡಲೇಬೇಕು" ಅಂತ ಕೆಲವರು ಹೇಳುತ್ತಾರೆ. ಆದರೆ ಕೋರ್ಟ್ ತೀರ್ಮಾನಿಸಿದ್ದು ಎಲ್ಲಿ ಮೊದಲು ದೂರು ಕೊಡಬೇಕು ಅನ್ನುವುದನ್ನು ಮಾತ್ರ. ಮಗು ತಾನೇ ನಾಯಿಯನ್ನು ಹಿಡಿತದಲ್ಲಿ ಇಟ್ಟುಕೊಳ್ಳಲಾರದು ಅಂದರೆ, ಯಾರು ನೋಡಿಕೊಳ್ಳುತ್ತಾರೆ ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ. ನಮ್ಮ ಹೇಜಲ್ ಸ್ಕೂಲಿಗೆ ಹೋಗುವುದಿಲ್ಲ.

ಮಗುವಿನ ಸೊಂಟದ ಬೆಲ್ಟಿಗೂ ನಾಯಿಯ ಹಾರ್ನೆಸ್‌ಗೂ (ಎದೆಗೆ ಕಟ್ಟುವ ಪಟ್ಟಿ) ಹಗ್ಗ ಕಟ್ಟುವ ಪದ್ಧತಿ ಇದೆ. ಮಗು ಎಳೆದಾಗ ನಾಯಿ ಅಲ್ಲೇ ಗಟ್ಟಿಯಾಗಿ ನಿಲ್ಲಬೇಕು. ನಾಯಿಯ ಇನ್ನೊಂದು ಹಗ್ಗ ದೊಡ್ಡವರ ಕೈಯಲ್ಲಿದ್ದು, ಮಗು ಚಿಕ್ಕದಿದ್ದರೆ ಇದು ಜೀವ ಉಳಿಸಬಹುದು. ಬೆಳೆದ ಹುಡುಗನಿಗೆ ಬೇಡ ಅನ್ನೋದು ನನ್ನ ಖಚಿತ ಅಭಿಪ್ರಾಯ. ಅಷ್ಟು ಭಾರ ತಡೆಯುವುದು ನಾಯಿಯ ಬೆನ್ನಿಗೂ ಒಳ್ಳೆಯದಲ್ಲ.

ದೇವಸ್ಥಾನದ ಬಗ್ಗೆಯೂ ಕೇಳುತ್ತೀರಿ. ಎಡಿಎ ಧಾರ್ಮಿಕ ಸಂಸ್ಥೆಗಳಿಗೆ ಅನ್ವಯಿಸುವುದಿಲ್ಲ, ಬೇಡ ಅನ್ನುವ ಹಕ್ಕು ಅವರಿಗಿದೆ. ನಾವು ಮುಂಚೆಯೇ ಫೋನ್ ಮಾಡಿ ಕೇಳುತ್ತೇವೆ. ಮನೆಯಲ್ಲಿ, ಹಾಸನದಿಂದ ಬಂದ ನಮ್ಮ ಅತ್ತೆ ಮೊದಲ ದಿನವೇ "ದೇವರ ಮನೆ ಹತ್ರ ಮಾತ್ರ ಬಿಡ್ಬೇಡಮ್ಮ" ಅಂದಿದ್ದರು. ಹಾಗೇ ಆಗಲಿ ಅತ್ತೆ ಅಂದೆ, ಹೊಸ್ತಿಲ ಆಚೆ ಕೂರುವುದನ್ನು ಅದು ಬೇಗ ಕಲಿಯಿತು. ಈಗ ಅತ್ತೆ ಪೂಜೆ ಮುಗಿಸಿ ಬಂದು ಅದಕ್ಕೆ ಬಾಳೆಹಣ್ಣಿನ ತುಂಡು ಕೊಡುತ್ತಾರೆ.

ಬೆಂಗಳೂರಿನವರಿಗೆ ಒಂದು ಮಾತು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಗುರುತಿಸಿರುವ 21 ಅಂಗವೈಕಲ್ಯಗಳಲ್ಲಿ ಆಟಿಸಂ ಇದೆ. ಆದರೆ ಇಲ್ಲಿನ ಎಡಿಎ ಥರ, ನಾಯಿ ಜೊತೆ ಹೋಟೆಲು, ಅಂಗಡಿ, ಬಸ್ಸು ಹತ್ತುವ ಹಕ್ಕನ್ನು ಅದು ಹೇಳುವುದಿಲ್ಲ. ಅಪಾರ್ಟ್‌ಮೆಂಟಿನವರು ನಾಯಿಯನ್ನೇ ಸಾಕಬಾರದು ಅಂತ ನಿಷೇಧ ಹಾಕುವ ಹಾಗಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಇದೆ, ಅಷ್ಟು ಮಟ್ಟಿಗೆ ಧೈರ್ಯ. ನನಗೆ ಗೊತ್ತಿರುವ ಒಂದು ಮನೆಗೆ ಒಬ್ಬ ಬ್ರೀಡರ್ "ಆಟಿಸಂ ಮಕ್ಕಳಿಗೆ ಹೇಳಿ ಮಾಡಿಸಿದ್ದು" ಅಂತ ಲ್ಯಾಬ್ರಡಾರ್ ಮರಿ ಮಾರಿದ. ಹಲ್ಲು ಬರುತ್ತಿದ್ದ ಮರಿ ಕಂಡದ್ದನ್ನೆಲ್ಲ ಕಚ್ಚುತ್ತಿತ್ತು, ರಾತ್ರಿ ಬೊಗಳುತ್ತಿತ್ತು. ಸದ್ದಿಗೆ ಹೆದರುವ ಮಗು ರೂಮಿನಿಂದ ಹೊರಗೆ ಬರುವುದನ್ನೇ ಬಿಟ್ಟಿತು. ಮರಿಯನ್ನು ಬೇರೆ ಮನೆಗೆ ಕಳಿಸಬೇಕಾಯಿತು.

ಹಾಗಾಗಿ ಅಲ್ಲಿ ಮೊದಲು ತರಬೇತಾದ ಥೆರಪಿ ನಾಯಿ (ಥೆರಪಿಯ ಹೊತ್ತಿಗೆ ಮಾತ್ರ ಮಗುವಿನ ಜೊತೆ ಇರುವ ನಾಯಿ) ಜೊತೆ ಮಗು ಹೇಗಿರುತ್ತೆ ನೋಡಿ. ಮುಂಬೈನ ಅನಿಮಲ್ ಏಂಜಲ್ಸ್ ಫೌಂಡೇಶನ್ ಇಂಥ ಕೆಲಸ ಮಾಡುತ್ತಿದೆ. ಮಗುವಿಗೆ ಇಷ್ಟವಾದರೆ ಮರಿ ಬೇಡ, ಎರಡು ವರ್ಷ ದಾಟಿದ ಶಾಂತ ಸ್ವಭಾವದ ನಾಯಿ ನೋಡಿ. ತೊಡೆಯ ಮೇಲೆ ಒರಗುವುದು, ಕರೆದಾಗ ಬರುವುದು, ಮಗು ಕಿರುಚಿದರೂ ಬೆಚ್ಚದಿರುವುದು, ಇಷ್ಟನ್ನು ಒಳ್ಳೆಯ ಟ್ರೈನರ್ ಮನೆಯಲ್ಲೇ ಕಲಿಸಬಹುದು. ಇಂಗ್ಲೆಂಡಿನ ಡಾಗ್ಸ್ ಫಾರ್ ಗುಡ್ ಸಂಸ್ಥೆ ಮನೆಯ ನಾಯಿಯನ್ನೇ ಹೀಗೆ ಬಳಸಿಕೊಳ್ಳುವುದನ್ನು ಅಪ್ಪ-ಅಮ್ಮಂದಿರಿಗೆ ವರ್ಕ್‌ಶಾಪ್ ಮಾಡಿ ಹೇಳಿಕೊಡುತ್ತದೆ. ಬೆಂಗಳೂರು, ಮೈಸೂರಿನಲ್ಲಿ ಇಂಥದ್ದೊಂದು ಕನ್ನಡದಲ್ಲೇ ಶುರುವಾಗಬೇಕು. ಹೊಡೆಯದೆ ಕಲಿಸುವ ಡಾಗ್ ಟ್ರೈನರ್‌ಗಳು, ಆಕ್ಯುಪೇಷನಲ್ ಥೆರಪಿಸ್ಟ್‌ಗಳು ಇದನ್ನು ಓದುತ್ತಿದ್ದರೆ ದಯವಿಟ್ಟು ಇನ್‌ಬಾಕ್ಸ್ ಮಾಡಿ. ನಮ್ಮ ಅರ್ಜಿ, ದಿನದ ಅಭ್ಯಾಸದ ಪಟ್ಟಿ ಎಲ್ಲ ಕಳಿಸಿಕೊಡುತ್ತೇನೆ.