ಬೇರು, ಎಲೆ ಅಂದ ಮಾತ್ರಕ್ಕೆ ಅಡ್ಡಪರಿಣಾಮ ಇಲ್ಲವೇ?

"ಚೀನಾ, ಜಪಾನಿನ ಗಿಡಮೂಲಿಕೆ ಕಷಾಯಕ್ಕೆ ಸೈನಸ್ ಮಾಯ. ಎಲ್ಲ ಬೇರು, ಎಲೆ. ಅಡ್ಡಪರಿಣಾಮವೇ ಇಲ್ಲ." ಇಂಥ ಮೆಸೇಜ್ ನಿಮಗೂ ಬಂದಿರಬಹುದು. ಕೊನೆಯ ಮಾತು ಸುಳ್ಳು.

ಮಾ ಹುವಾಂಗ್ ನೋಡಿ. ಎಲೆಯೇ ಇಲ್ಲದಂತೆ ಕಾಣುವ, ಕಡ್ಡಿಯಂಥ ಹಸಿರು ಕಾಂಡದ ಗಿಡ. ಚೀನಾದಲ್ಲಿ ನೆಗಡಿ, ಉಬ್ಬಸಕ್ಕೆ ಬಹಳ ಹಿಂದಿನಿಂದ ಬಳಸುತ್ತಾರೆ. 1885ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ನಾಗಾಯಿ ನಾಗಯೋಶಿ ಇದರಿಂದ ಎಫೆಡ್ರಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. ಅದು ಮೂಗಿನ ಊದಿದ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಉಸಿರಿನ ದಾರಿ ಬಿಡಿಸುತ್ತದೆ. ಮೂಗು ನಿಜಕ್ಕೂ ಹಗುರಾಗುತ್ತದೆ. ಆದರೆ ಅದೇ ಎಫೆಡ್ರಿನ್ ಬಿಪಿಯನ್ನೂ ಏರಿಸುತ್ತದೆ, ಎದೆಬಡಿತವನ್ನೂ ಜಾಸ್ತಿ ಮಾಡುತ್ತದೆ. ಕೆಲಸ ಮಾಡುವ ಮದ್ದು ಮೂಗಿನಲ್ಲಷ್ಟೇ ನಿಲ್ಲುವುದಿಲ್ಲ, ಅಲ್ವಾ? ಅಮೆರಿಕವು 2004ರಲ್ಲಿ ಈ ಗಿಡದ ಸಾರವಿರುವ ಆಹಾರ ಪೂರಕಗಳನ್ನು ನಿಷೇಧಿಸಿತು.

ಜಪಾನಿನಲ್ಲಿ ನೆಗಡಿಗೆ ಕೊಡುವ ಕಕ್ಕೊಂತೋ ಎಂಬ ಕಷಾಯದಲ್ಲೂ ಮಾ ಹುವಾಂಗ್ ಇದೆ. ಜೊತೆಗೆ ಶುಂಠಿ, ದಾಲ್ಚಿನ್ನಿ, ಜೇಷ್ಠಮಧು. ನಮ್ಮ ಗ್ರಂದಿಗೆ ಅಂಗಡಿಯಲ್ಲಿ ಸಿಗುವ ಜೇಷ್ಠಮಧು ಕೂಡ ಅತಿಯಾದರೆ ಪೊಟ್ಯಾಶಿಯಂ ಇಳಿಸಿ ಬಿಪಿ ಏರಿಸುತ್ತದೆ.

ಕಟ್ಟಿದ ಮೂಗಿಗೆ ಬಳಸುವ ಶಿನ್ ಯೀ ಅಂದರೆ ಮ್ಯಾಗ್ನೋಲಿಯಾ ಎಂಬ ಹೂವಿನ ಮೊಗ್ಗು. ಮೈತುಂಬ ರೋಮ. ಕುದಿಸುವಾಗ ಬಟ್ಟೆಯಲ್ಲಿ ಕಟ್ಟುತ್ತಾರೆ, ಇಲ್ಲದಿದ್ದರೆ ರೋಮ ಗಂಟಲು ಕೆರೆಯುತ್ತದೆ. ಅಲ್ಲಿನ ವೈದ್ಯರೇ ಇಷ್ಟು ಜೋಪಾನ ಮಾಡುತ್ತಾರೆ. ಬಿಪಿ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಸುಮ್ನೆ ಆನ್‌ಲೈನ್‌ನಲ್ಲಿ ತರಿಸಿ ಕುಡಿಯಬೇಡಿ. ಮೊದಲು ಡಾಕ್ಟರಿಗೆ ಪೊಟ್ಟಣ ತೋರಿಸಿ.